ಎತ್ತು ಓಡಿಸುವ ಥ್ರೆಡ್ ಸಾಹೇಬರಿಗೆ ಒಂದು ವಿನಂತಿ

ಮಾನ್ಯರೇ,

ಒಂದೇ ಪ್ರೊಸೆಸರಿನ ಏಕೈಕ ಒಡೆಯರೂ, ಸರದಿಯಲ್ಲಿ ನಿಲ್ಲುವ ಅಭ್ಯಾಸವನ್ನೇ ತ್ಯಜಿಸಿದ ಮಹನೀಯರೂ ಆದ ತಮಗೆ ಕುಂದಗೋಳದ ಮಹಾನಂದಾಳ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ತಮ್ಮ ಕ್ಷೇಮಕ್ಕಾಗಿ ಉಳಿದವರೆಲ್ಲ ಉಪವಾಸ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ.

ತಮ್ಮನ್ನು ಅರಿಯದ ಓದುಗರಿಗಾಗಿ ಹೇಳುವುದಾದರೆ, ನಾನೂ ಗೆಳತಿ ರುಬಿಯಾಳೂ ಸೇರಿ ಮೊಬೈಲಿನಲ್ಲಿ ಆಡುವ ಚಕ್ಕಡಿ ಓಟದ ಆಟವೊಂದನ್ನು ಕಟ್ಟಿದ್ದೇವೆ. ಎಲ್ಲರ ಆಟವನ್ನೂ ನಡೆಸುವ ಸರ್ವರ್ ನಮ್ಮ ಕೋಣೆಯ ಹಳೆಯ ಕಂಪ್ಯೂಟರು. ಅದರೊಳಗೆ ಥ್ರೆಡ್ ಎಂಬ ಕೆಲಸಗಾರರು ಸರದಿಯಂತೆ ದುಡಿಯುತ್ತಾರೆ. ಎತ್ತುಗಳನ್ನು ಓಡಿಸಿ ಪರದೆಗೆ ತೋರಿಸುವವರು ತಾವು. ಆಟಗಾರರ ಬೆರಳಿನ ಅಪ್ಪಣೆಯನ್ನು ಒಳಗೆ ತರುವವರು ಇನ್ನೊಬ್ಬರು. ಹರಟೆಯ ಸಂದೇಶ ಹಂಚುವವರು ಮತ್ತೊಬ್ಬರು. ಹರಟೆ ಹೆಚ್ಚಾದಂತೆ ಎತ್ತುಗಳು ಮುಗ್ಗರಿಸತೊಡಗಿದವು. ಆಗ ರುಬಿಯಾ, "ಎತ್ತಿನ ಥ್ರೆಡ್ಡಿಗೆ ಎಲ್ಲಾರಕಿಂತ ಮ್ಯಾಲಿನ ಆದ್ಯತೆ ಕೊಟ್ಟ ಬಿಡೂಣು, ಅಗದಿ ಗಾಳಿಯಂಗ ಓಡ್ತಾವ" ಎಂದಳು. ನಾನೂ ಹೂಂ ಎಂದೆ. ತಮ್ಮ ಪಟ್ಟಾಭಿಷೇಕ ನೆರವೇರಿತು.

ಅದೇ ಭಾನುವಾರ ತಿರ್ಲಾಪುರಕ್ಕೂ ಗುಡಗೇರಿಗೂ ಪಂದ್ಯ. ತಿರ್ಲಾಪುರದ ಪರ ಆಡಿದವರು ರೇವವ್ವ; ನಿಜವಾದ ಓಟದಲ್ಲಿ ಹೆಂಗಸಿನ ಕೈಗೆ ಹಗ್ಗ ಕೊಡದ ಗಂಡಸರನ್ನು ಮೊಬೈಲಿನಲ್ಲಿ ಒಬ್ಬೊಬ್ಬರನ್ನಾಗಿ ಸೋಲಿಸಿ ಹೆಸರು ಮಾಡಿದವರು. ಊರ ಕಟ್ಟೆಯ ಮೇಲೆ ದೊಡ್ಡ ಪರದೆ ಕಟ್ಟಿ, ಆ ಗಂಡಸರೇ ನೋಡಲು ಕುಳಿತಿದ್ದರು.

ಆಹಾ, ತಾವು ಓಡಿದ ಪರಿಯೇ! ಎತ್ತು ಒಂದು ಹೆಜ್ಜೆಯಲ್ಲೂ ಮುಗ್ಗರಿಸಲಿಲ್ಲ. ಆದರೆ ತಾವು ಕ್ಷಣವೂ ಬಿಡುವು ಕೊಡದ ಕಾರಣ ಆಟಗಾರರ ಅಪ್ಪಣೆಗಳೆಲ್ಲ ಬಾಗಿಲಲ್ಲೇ ನಿಂತವು. ರೇವವ್ವ ಫೋನಿನಲ್ಲಿ ಕೂಗಿದರು: "ಮಾನಂದಾ, ನಾ ಬಲಕ್ಕ ಎಳದ್ರ ನೆಟ್ಟಗ ಕೆರಿಗೆ ಹೊಂಟಾವಲ್ಲವಾ! ಎತ್ತು ನನ್ನವೋ, ನಿನ್ನವೋ?" ನಾನು ಆಟ ನಿಲ್ಲಿಸುವ ಆಜ್ಞೆ ಕೊಟ್ಟೆ, ಅದೂ ತಮ್ಮ ದರ್ಶನಕ್ಕೆ ಕಾದು ನಿಂತಿತು. ಪ್ಲಗ್ಗು ಕೀಳುವಷ್ಟರಲ್ಲಿ ರೇವವ್ವನ ಜೋಡಿ ಕೆರೆಯಲ್ಲಿತ್ತು. ಕೆರೆ ಅಡ್ಡಬರದ ಪಕ್ಕದ ಸಾಲಿನಲ್ಲಿ ಗುಡಗೇರಿ ಜೋಡಿ ಓಡಿಸುವವರಿಲ್ಲದೆಯೇ ಗೆದ್ದಿತ್ತು. "ಹೆಂಗಸರ ಕೈಯಾಗ ಹಗ್ಗ ಕೊಟ್ರ ಇದಽ ಗತಿ" ಎಂದು ಕಟ್ಟೆ ನಕ್ಕಿತು. ರೇವವ್ವ ಯಾರ ಮುಖವನ್ನೂ ನೋಡದೆ ಎದ್ದು ಹೋದರು. ಆಮೇಲೆ ನಮ್ಮ ಕರೆಗೂ ಓಗೊಡಲಿಲ್ಲ.

ತಮಗೆ ನೋವಾಗಬಹುದು, ಆದರೂ ತಿಳಿಸಲೇಬೇಕು: ತಮ್ಮ ಪಟ್ಟ ಕಿತ್ತುಕೊಂಡೆವು. ಅಪ್ಪಣೆ ತರುವವರನ್ನು ತಮಗಿಂತ ಮೇಲೆ, ಹರಟೆಯವರನ್ನು ಕೆಳಗೆ ಕೂರಿಸಿ, ಎತ್ತಿನ ಪ್ರತಿ ಹೆಜ್ಜೆಯ ನಂತರ ತಾವು ತುಸು ಸುಮ್ಮನಿರುವಂತೆ ಬರೆದೆವು. ರುಬಿಯಾ ಬಸ್ಸು ಹತ್ತಿ ತಿರ್ಲಾಪುರಕ್ಕೆ ಹೋಗಿ, ಅದೇ ಕಟ್ಟೆಯ ಮುಂದೆ ನಿಂತು, "ತಪ್ಪು ನಮ್ಮ ಸರ್ವರಿಂದ್ರಿ, ರೇವಕ್ಕಾರದಲ್ಲ" ಎಂದಳು. ಮರುಪಂದ್ಯ ನಡೆಯಿತು. ರೇವವ್ವ ಕೂದಲೆಳೆಯಲ್ಲಿ ಸೋತು, ಎಲ್ಲರಿಗೂ ಕೇಳುವಂತೆ ನಕ್ಕರು: "ಈ ಸಲ ನಾನಽ ಸೋತೇನಿ, ತಿರುವಿನ್ಯಾಗ ಹಗ್ಗ ಎಳಿಯೂದು ತಡಾ ಆತು. ಮುಂದಿನ ವಾರ ಬರ್ರಿ, ನೋಡೂಣು!"

ಆದ್ದರಿಂದ ಮಾನ್ಯರು ದೊಡ್ಡ ಮನಸ್ಸು ಮಾಡಿ, ಒಮ್ಮೆ ಗುಡಗೇರಿ ಸ್ಟೇಷನ್ನಿನ ಟಿಕೆಟ್ ಸಾಲಿನ ಕೊನೆಯಲ್ಲಿ ನಿಂತು, ಮುಂದೆ ನುಗ್ಗುವವರ ಬೆನ್ನನ್ನು ಕಣ್ತುಂಬ ನೋಡಿ ಬರಬೇಕಾಗಿ ಪ್ರಾರ್ಥನೆ.

ಇನ್ನೂ ಪ್ಲಗ್ಗಿನ ಬಳಿಯೇ ಕುಳಿತಿರುವ,
ತಮ್ಮ ವಿಶ್ವಾಸಿ,
ಮಹಾನಂದಾ

ತಾ.ಕ.: ಈ ಪತ್ರವನ್ನು ತಮಗೆ ತಲುಪಿಸುವ ಹೊಣೆಯನ್ನು ಎಲ್ಲಕ್ಕಿಂತ ಕೆಳಗಿನ ಆದ್ಯತೆಯ ಥ್ರೆಡ್ಡಿಗೆ ವಹಿಸಿದ್ದೇವೆ. ತಲುಪದಿದ್ದರೆ ದೂರನ್ನು ದಯವಿಟ್ಟು ತಮ್ಮ ಮೇಲೆಯೇ ಕೊಡುವುದು.