ಆಂಪ್ಲಿಫೈಯರಿನ ಪಂಕ್ತಿಗೆ ಆರನೆಯ ಎಲೆ

ನನ್ನ ಒಂದು ದೊಡ್ಡ ದೋಷವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಂದವರಿಗೆ ‘ಇಲ್ಲ’ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ಬ್ರಹ್ಮಾವರದಲ್ಲಿ ಹೆದ್ದಾರಿಯ ಬದಿಗೆ ನಮ್ಮದೊಂದು ಸಣ್ಣ ಊಟದ ಹೋಟೆಲು. ಅದರ ಹಿಂಗೋಡೆಗೆ ತಾಗಿಕೊಂಡೇ ಮನೆ. ಮಧ್ಯಾಹ್ನ ಎರಡು ಗಂಟೆಗೆ, ಪಾತ್ರೆಯ ತಳ ಕಾಣುವ ಹೊತ್ತಿಗೆ, ಕುಂದಾಪುರದ ಕಡೆಯ ಬಸ್ಸಿನಿಂದ ಹತ್ತು ಜನ ಇಳಿದರೆ ಬೇರೆ ಹೋಟೆಲಿನವರು ‘ಊಟ ಖಾಲಿ’ ಎಂಬ ಹಲಗೆ ತೂಗುಹಾಕುತ್ತಾರೆ. ನಾನು ಒಳಗೆ ಹೋಗಿ ಸಾಂಬಾರಿಗೆ ಎರಡು ತಂಬಿಗೆ ಬಿಸಿನೀರು ಹೊಯ್ದು, ಒಂದು ಚಮಚ ಖಾರದ ಪುಡಿ ಹಾಕಿ ಕುದಿಸಿ ಬರುತ್ತೇನೆ. ಇದುವರೆಗೆ ಯಾರೂ ಹಸಿದು ಹೋದದ್ದಿಲ್ಲ. ಹೀಗಾಗಿ ಯಾವ ಪಾತ್ರೆಯಿಂದಲೂ ಇನ್ನೊಂದು ಎಲೆಗೆ ಬಡಿಸಬಹುದೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆ ನಂಬಿಕೆಯನ್ನು ಒಂದು ಆಂಪ್ಲಿಫೈಯರ್ ಮುರಿಯಿತು.

ಅದು ಮನೆಗೆ ಬಂದದ್ದು ಅಪ್ಪಯ್ಯನ ದೆಸೆಯಿಂದ. ಅಪ್ಪಯ್ಯ ತೀರಿಹೋಗಿ ಆಗ ಆರು ವರ್ಷ. ಅವರಿಗೆ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನದಲ್ಲಿ, ಅರ್ಥ ಹೇಳುವ ಹುಚ್ಚಿತ್ತು. ದೊಡ್ಡ ಪಾತ್ರವನ್ನು ಯಾರೂ ಕೊಡುತ್ತಿರಲಿಲ್ಲ. ಕೊಟ್ಟ ಸಣ್ಣ ಪಾತ್ರವನ್ನು ಅವರು ಸಣ್ಣದಾಗಿ ಬಿಡುತ್ತಲೂ ಇರಲಿಲ್ಲ. ಹಂಗಾರಕಟ್ಟೆಯ ಒಂದು ಕೂಟವನ್ನು ದೋಣಿ ಕಟ್ಟುವ ಸ್ನೇಹಿತರೊಬ್ಬರು ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟಿದ್ದರು. ಅದರಲ್ಲಿ ಅಪ್ಪಯ್ಯ ಹತ್ತು ನಿಮಿಷ ಮಾತಾಡುತ್ತಾರೆ, ನಡುವೆ ಒಮ್ಮೆ ಜೋರಾಗಿ ಕೆಮ್ಮುತ್ತಾರೆ. ಅವರ ಧ್ವನಿಯೆಂದು ನಮ್ಮಲ್ಲಿ ಉಳಿದದ್ದು ಅಷ್ಟೇ. ಹೋಟೆಲಿಗೆ ರಜೆಯಿರುವ ಭಾನುವಾರ ಊಟವಾದ ಮೇಲೆ ಅದನ್ನು ಅಮ್ಮನಿಗೆ ಹಾಕಿಕೊಡುವುದು ನನ್ನ ಕೆಲಸ. ಕೆಮ್ಮು ಬಂದಾಗಲೆಲ್ಲ ಅಮ್ಮ, “ಒಂಚೂರ್ ನೀರ್ ಕುಡ್ಕಣಿ” ಎಂದು ಟೇಪ್ ರೆಕಾರ್ಡರಿಗೆ ಹೇಳುತ್ತಿದ್ದಳು. ನಾವು ಯಾರೂ ನಗುತ್ತಿರಲಿಲ್ಲ.

ಒಂದು ಭಾನುವಾರ ಕೆಮ್ಮು ಬಂತು, ಹೋಯಿತು. ಅಮ್ಮ ಸುಮ್ಮನೆ ಕೂತಿದ್ದಳು. ಮುಗಿದ ಮೇಲೆ, “ಇವ್ರ್ ಎಂತಕೆ ಮಗಾ ಈಗೀಗ ಇಷ್ಟ್ ಮೆಲ್ಲ ಮಾತಾಡುದ್?” ಎಂದು ಕೇಳಿದಳು. ಆ ಸಂಜೆಯೇ ನನ್ನ ಹೆಂಡತಿ ಪ್ರೇಮಾ, “ಹ್ವಾಯ್, ಅತ್ತೆಗೆ ಕೆಮಿ ಕೇಂತಿಲ್ಲೆ ಕಾಣಿ. ಉಡುಪಿಗೆ ಡಾಕ್ಟ್ರ್ ಹತ್ರ ಕರ್ಕಂಡ್ ಹೋಪ” ಎಂದಳು. ಅಮ್ಮನ ಕಿವಿ ಮಂದವಾಗಿದೆ ಎಂದದ್ದಕ್ಕೆ ನನಗೆ ಸಿಟ್ಟು ಬಂತು. ಚಿಕ್ಕಂದಿನಲ್ಲಿ ನಾನು ಅಟ್ಟದ ಮೇಲೆ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೆ ಬಾವಿಕಟ್ಟೆಯಿಂದಲೇ ನನ್ನ ಹೆಸರು ಹಿಡಿದು ಕೂಗುತ್ತಿದ್ದ ಹೆಂಗಸು ಅವಳು. ದೋಷ ಟೇಪ್ ರೆಕಾರ್ಡರಿನದೇ ಎಂದು ತೀರ್ಪು ಕೊಟ್ಟೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಅಪ್ಪಯ್ಯನಿಗೂ ಮೊದಲು ಕಣ್ಣು, ಆಮೇಲೆ ಕಾಲು, ಹೀಗೇ ಒಂದೊಂದಾಗಿ ಕೈಕೊಟ್ಟಿತ್ತು. ಯಂತ್ರವಾದರೆ ಬದಲಾಯಿಸಬಹುದಲ್ಲ.

ಮುಂಬಯಿಯಲ್ಲಿದ್ದ ಭಾವ ತನ್ನ ಹಳೆಯ ಆಂಪ್ಲಿಫೈಯರನ್ನೂ ಎರಡು ಸ್ಪೀಕರುಗಳನ್ನೂ ಬಸ್ಸಿಗೆ ಹಾಕಿ ಕಳಿಸಿದ. ಟೇಪ್ ರೆಕಾರ್ಡರನ್ನು ಅದಕ್ಕೆ ಜೋಡಿಸಿದೆ. ಒಂದು ತಿಂಗಳು ಅಪ್ಪಯ್ಯನ ಕೆಮ್ಮಿಗೆ ನೀರು ಸಿಕ್ಕಿತು, ಆಮೇಲೆ ಮತ್ತೆ ನಿಂತಿತು. ಹೋಟೆಲಿನಲ್ಲಿ ಹಾಡು ಹಾಕುತ್ತಿದ್ದ ಎರಡು ಸ್ಪೀಕರು ಬಿಚ್ಚಿ ತಂದು ಅದೇ ತಂತಿಗೆ ಸುತ್ತಿದೆ. ಹಾಲಾಡಿಯ ಗೆಳೆಯನೊಬ್ಬ ಮನೆಯಲ್ಲಿ ಜಾಗವಿಲ್ಲವೆಂದು ಎರಡು ಸಬ್‌ವೂಫರ್ ಕೊಟ್ಟ. ಬರೀ ದಪ್ಪ ಸದ್ದಿಗೆಂದೇ ಇರುವ, ಅಕ್ಕಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳು. ಅವನ್ನೂ ಅದೇ ತಂತಿಗೆ ಸುತ್ತಿದೆ. ಈಗ ಎಲೆ ಆರು, ಪಾತ್ರೆ ಒಂದೇ. ಮದ್ದಳೆಗೆ ಪೆಟ್ಟು ಬಿದ್ದರೆ ಕಪಾಟಿನ ಸ್ಟೀಲು ಲೋಟಗಳು ನಡುಗಿದವು. ಅಮ್ಮ ಒಂದು ಸಬ್‌ವೂಫರನ್ನೇ ಮಣೆ ಮಾಡಿಕೊಂಡು ಅದರ ಮೇಲೆ ಕೂತು, ಕಣ್ಣು ಮುಚ್ಚಿ ತಲೆದೂಗಿದಳು.

“ಈಗ ಕೇಂತಾ ಅಮ್ಮಾ?” ಎಂದು ಕೂಗಿ ಕೇಳಿದೆ.

“ಲಾಯ್ಕ್ ಕೇಂತ್ ಮಗಾ” ಎಂದಳು. ಕೆಮ್ಮು ಬಂದಾಗ ಮಾತ್ರ ಏನೂ ಹೇಳಲಿಲ್ಲ. ನಾನದನ್ನು ಗಮನಿಸಿದ್ದೆ, ಗಮನಿಸದವನಂತೆ ಸಬ್‌ವೂಫರಿನ ಧೂಳು ಒರೆಸಿದೆ.

ಆಂಪ್ಲಿಫೈಯರ್ ತನ್ನ ಕಷ್ಟವನ್ನು ಹೇಳಿಕೊಳ್ಳದೆ ಇರಲಿಲ್ಲ. ಅದರ ಮೇಲೆ ಬೆಚ್ಚಗೆ ಮಲಗುತ್ತಿದ್ದ ನಮ್ಮ ಬೆಕ್ಕು ಒಂದು ದಿನ ಚಂಗನೆ ಹಾರಿ ಇಳಿದದ್ದು ಮತ್ತೆ ಆ ಕಡೆ ಸುಳಿಯಲಿಲ್ಲ. ಬೆಕ್ಕಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಖಾಲಿಯಾದ ಆ ಜಾಗದಲ್ಲಿ ಟೇಪ್ ರೆಕಾರ್ಡರನ್ನು ಇಟ್ಟೆ. ಎರಡು ಸಲ ಫ್ಯೂಸ್ ಹೋಯಿತು. ಮೂರನೆಯ ಸಲ, ಹೋಟೆಲಿನ ಗ್ರೈಂಡರಿಗೆ ಮಾಡುವ ಹಾಗೆ, ತಾಮ್ರದ ತಂತಿ ಮಡಚಿ ತುರುಕಿದೆ. ಮುಂದಿನ ಭಾನುವಾರ ಅಪ್ಪಯ್ಯ ಇನ್ನೂ ಬಾಯಿ ತೆರೆದಿರಲಿಲ್ಲ, ಹೊಗೆ ಬಂತು. ಪ್ರೇಮಾ ಓಡಿಬಂದು ಪ್ಲಗ್ ಕಿತ್ತಳು. ಒಳಗಿದ್ದ ಕ್ಯಾಸೆಟ್ಟು ಕಾವಿಗೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಾಗ ಅಪ್ಪಯ್ಯನನ್ನು ಎರಡನೆಯ ಸಲ ಕಳೆದುಕೊಂಡೆನೆಂದು ನನಗೆ ಅನಿಸಿತು. ಈ ಸಲ ತಪ್ಪು ಪೂರ್ತಿ ನನ್ನದೇ.

ಪೇಟೆಯಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿರುವ ಭಾಸ್ಕರ ಮರುದಿನ ಬಂದ. ಆರು ಪೆಟ್ಟಿಗೆಗಳನ್ನೂ ಎಣಿಸಿದ. ಬಾಗಿ ಆಂಪ್ಲಿಫೈಯರಿನ ಬೆನ್ನು ನೋಡಿದ.

“ಶೆಟ್ರೆ, ಇದ್ರ ಹಿಂದ್ ಬರ್ದದ್ದ್ ಓದಿರ್ಯಾ? ಒಂದೊಂದ್ ಬದಿಗೆ ಎಂಟ್ ಓಮಿಗಿಂತ ಕಮ್ಮಿ ಆಪುಕಾಗ.”

ಓಮ್ ಎಂದರೆ ತಡೆ. ಒಂದೇ ತಂತಿಗೆ ಹೀಗೆ ಪೆಟ್ಟಿಗೆ ಸೇರಿಸಿದಷ್ಟೂ ತಡೆ ಇಳಿದು, ಕರೆಂಟು ಹೆಚ್ಚು ಹೆಚ್ಚು ಹರಿಯುತ್ತದಂತೆ. ಎಂಟೆಂಟು ಓಮಿನ ಮೂರು ಮೂರು ಪೆಟ್ಟಿಗೆ ಸುತ್ತಿ ನಾನು ಒಂದೊಂದು ಬದಿಗೆ ಮೂರು ಓಮನ್ನೂ ಉಳಿಸಿರಲಿಲ್ಲ.

“ಅಂದ್ರೆ ಸಾಂಬಾರಿಗೆ ನೀರ್ ಹೊಯ್ದಂಗೆ ಅಲ್ದಾ?” ಎಂದೆ.

“ಅಲ್ಲ ಶೆಟ್ರೆ. ಬಡ್ಸುವವ ಒಬ್ನೇ, ಆರ್ ಪಂಕ್ತಿಗೆ ಓಡಿ ಓಡಿ ಬಿದ್ದ. ಬೀಳುಕೆ ಮುಂಚೆ ‘ನಿಲ್ಸಿ’ ಅಂತ ಹೇಳುದೇ ಫ್ಯೂಸಿನ ಕೆಲ್ಸ. ಅದ್ರ ಬಾಯಿಗೆ ನೀವ್ ತಂತಿ ತುರ್ಕಿರಿ. ಮನೆಗೇ ಬೆಂಕಿ ಹಿಡೂದಿತ್ತ್.”

ಅವನು ಆಂಪ್ಲಿಫೈಯರನ್ನು ಒಯ್ದು ಸರಿಮಾಡಿ ತಂದು, ಭಾವ ಕೊಟ್ಟ ಎರಡೇ ಸ್ಪೀಕರು ಜೋಡಿಸಿದ. ಸಬ್‌ವೂಫರ್ ಬೇಕೇ ಬೇಕೆಂದರೆ ಅದಕ್ಕೆ ಬೇರೆ ಆಂಪ್ಲಿಫೈಯರ್ ಇರಬೇಕು, ಫ್ಯೂಸ್ ಬರೆದ ಅಳತೆಯದ್ದೇ ಆಗಬೇಕು, ಮೇಲೆ ಏನನ್ನೂ ಇಡಬಾರದು ಎಂದು ಪ್ರೇಮಾಳಿಗೆ ಹೇಳಿದ. ನನಗೆ ಹೇಳಿ ಪ್ರಯೋಜನವಿಲ್ಲವೆಂದು ಅವನಿಗೆ ಗೊತ್ತಾಗಿತ್ತು. ಕ್ಯಾಸೆಟ್ಟಿನ ಸುರುಳಿ ಪುಣ್ಯಕ್ಕೆ ಉಳಿದಿತ್ತು. ಅದನ್ನು ಬಿಚ್ಚಿ ಬೇರೆ ಚಿಪ್ಪಿಗೆ ಹಾಕಿದ್ದ. ಸರಿಯಾಗಿದೆಯೇ ಎಂದು ನೋಡಲು ತನ್ನ ಹೆಡ್‌ಫೋನನ್ನು ಆಂಪ್ಲಿಫೈಯರಿಗೆ ಚುಚ್ಚಿ, ಸದ್ದು ಏರಿಸಿ, ಪಕ್ಕದಲ್ಲೇ ಕೂತಿದ್ದ ಅಮ್ಮನ ತಲೆಗೆ ಸಿಕ್ಕಿಸಿದ.

ನಮಗೆ ಏನೂ ಕೇಳಿಸುತ್ತಿರಲಿಲ್ಲ. ಕ್ಯಾಸೆಟ್ಟು ತಿರುಗುವುದನ್ನೂ ಅಮ್ಮನ ಮುಖವನ್ನೂ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಅಮ್ಮ ನೆಟ್ಟಗೆ ಕೂತಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಎದುರಿಗೆ ಯಾರೋ ಇದ್ದಾರೆಂಬಂತೆ ಜೋರಾಗಿ ಹೇಳಿದಳು: “ಒಂಚೂರ್ ನೀರ್ ಕುಡ್ಕಣಿ.”

ಪ್ರೇಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಫ್ಯೂಸ್ ಹುಡುಕುವವನಂತೆ ನೆಲ ನೋಡಿದೆ.

ಅಪ್ಪಯ್ಯನ ಮಾತು ಮುಗಿದ ಮೇಲೆ ಹೆಡ್‌ಫೋನ್ ತೆಗೆದು, ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು, “ಇಷ್ಟ್ ದಿನ ಕೇಂತಿಲ್ಲೆ ಅಂತ ಎಂತಕೆ ಹೇಳ್ಲಿಲ್ಲೆ?” ಎಂದು ಕೇಳಿದೆ.

“ನೀನ್ ವಾರಕ್ಕೊಂದ್ ಪೆಟ್ಟಿಗೆ ಹೊತ್ಕಂಡ್ ಬತ್ತಿದ್ದೆ. ಇಲ್ಲೆ ಅಂದೇಳಿ ಹೆಂಗ್ ಹೇಳುದ್ ಮಗಾ? ಪೆಟ್ಟಿಗೆ ಮೇಲ್ ಕೂಕಂಡ್ರೆ ಮದ್ದಳೆ ಗೊತ್ತಾತಿತ್ತ್. ಮದ್ದಳೆ ನಿಂತ್ರೆ ಇವ್ರ್ ಮಾತ್ ಶುರು ಅಂತ ತಲೆ ಆಡ್ಸ್ತಿದ್ದೆ.”

ನನ್ನ ದೋಷ ಯಾರ ಕಡೆಯಿಂದ ಬಂದದ್ದೆಂದು ಅಂದು ತಿಳಿಯಿತು. ಆ ವಾರವೇ ಉಡುಪಿಗೆ ಹೋದೆವು. ಈಗ ಅಮ್ಮನ ಕಿವಿಯಲ್ಲಿ ಬಟಾಣಿಯಷ್ಟು ದೊಡ್ಡ ಯಂತ್ರವಿದೆ. ಆರು ಪೆಟ್ಟಿಗೆ ಮಾಡದ ಕೆಲಸವನ್ನು ಅದು ಮಾಡುತ್ತದೆ. ಅದನ್ನು ಹಾಕಿಸಿ ತಂದ ಮರುದಿನವೇ ಎರಡು ಗಂಟೆಗೆ ಬಸ್ಸು ನಿಂತಿತು. ನಾನು ಒಳಗೆ ಹೋಗಿ ಎರಡನೆಯ ತಂಬಿಗೆ ಬಗ್ಗಿಸುವಷ್ಟರಲ್ಲಿ ಗೋಡೆಯ ಆಚೆಯಿಂದ ಅಮ್ಮನ ಧ್ವನಿ ಬಂತು: “ಮಗಾ, ನೀರ್ ಸಾಕ್.”

ತಂಬಿಗೆ ಕೆಳಗಿಟ್ಟೆ. ಹೇಳುವವರಿದ್ದಾರಲ್ಲ ಎಂದು ಸಂತೋಷವಾಯಿತು. ಈಗ ಅಮ್ಮ ಮಧ್ಯಾಹ್ನ ಒಂದೂಮುಕ್ಕಾಲಕ್ಕೆ ಯಂತ್ರ ತೆಗೆದಿಟ್ಟು ಮಲಗುತ್ತಾಳೆ. ಬಸ್ಸು ಬರುವುದು ಎರಡಕ್ಕೆ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ಏನು ಮಾಡುತ್ತೇನೆಂದು ನೀವು ದಯವಿಟ್ಟು ಅವಳಿಗೆ ಹೇಳಬಾರದು.