ಮೆಟ್ಟಿಲ ಮೇಲಿನ ಜೆಲಾಟೋ ಪಾಠ

ನನ್ನ ಹೆಂಡತಿಯ ಸೋದರಮಾವ ಐಸ್‌ಕ್ರೀಮನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಂಡು ತಿನ್ನುತ್ತಾರೆ ಎಂದರೆ ನೀವು ನಂಬುವುದಿಲ್ಲ. ಕಣ್ಣಾರೆ ಕಾಣುವವರೆಗೆ ನಾನೂ ನಂಬಿರಲಿಲ್ಲ! ತಣ್ಣನೆಯದೆಲ್ಲ ಎದೆಗೆ ಶತ್ರು ಎಂಬುದು ಅವರ ಸಿದ್ಧಾಂತ. ಅಂಥವರು ಅಕ್ಕನ ಮಗಳನ್ನು ನೋಡಲೆಂದು ಮೈಸೂರು ಬಿಟ್ಟು ಐರ್ಲೆಂಡಿಗೆ, ಅದೂ ಮಾರ್ಚಿನ ಚಳಿಯಲ್ಲಿ ಬರಬೇಕೆ? ಬಂದದ್ದೇ ತಡ, ಕೊರೊನಾ ಲಾಕ್‌ಡೌನ್ ಆಗಿ, ವಿಮಾನಗಳು ನಿಂತು, ಆಡಮ್ಸ್‌ಟೌನಿನ ನಮ್ಮ ಮನೆಯಲ್ಲಿ ಸಿಕ್ಕಿಬಿದ್ದರು.

ಆಮೇಲಿನ ನಮ್ಮ ಪಾಡು ಕೇಳಬೇಡಿ. ಬಾಳೆಹಣ್ಣಿಗೆ ಸೋಪಿನ ಸ್ನಾನ, ಅಂಚೆಯ ಕವರುಗಳಿಗೆ ಬಿಸಿಲು (ಇಲ್ಲಿ ಬಿಸಿಲೆಲ್ಲಿ?), ಮನೆಯೊಳಗೂ ಮಂಕಿ ಕ್ಯಾಪು. ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ "ಗ್ರ್ಯಾಂಡ್ ಡೇ" ಎಂದರೆ ಮೊದಲು ಕಿಟಕಿ ಮುಚ್ಚಿ, ಆಮೇಲೆ ಗಾಜಿನ ಹಿಂದಿನಿಂದ ನಮಸ್ಕಾರ ಮಾಡುವರು. ಇದು ಸಾಲದೆಂದು ಪದಗಳ ಹುಚ್ಚು ಬೇರೆ. ತಟ್ಟೆಗೆ ಬಿದ್ದದ್ದರ ಹೆಸರು ಎಲ್ಲಿ ಹುಟ್ಟಿತೆಂದು ಹೇಳದೆ ತುತ್ತು ಎತ್ತುವವರಲ್ಲ. ಅಷ್ಟರಲ್ಲಿ ನಮ್ಮ ಸಾರು ಆರಿರುತ್ತಿತ್ತು.

ನರ್ಸ್ ಆಗಿದ್ದ ನನ್ನ ಹೆಂಡತಿಗೆ ಪಾಸಿಟಿವ್ ಬಂದ ದಿನ ಮನೆಯಲ್ಲಿ ನಗು ನಿಂತಿತು. ಅವಳು ಮಹಡಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಉಸಿರಾಟ ಕಷ್ಟವಾದರೆ ಕೂಡಲೇ ಆಂಬ್ಯುಲೆನ್ಸ್ ಕರೆಯಿರಿ ಎಂದು ಡಾಕ್ಟರು ಫೋನಿನಲ್ಲಿ ಎಚ್ಚರಿಸಿದರು. ಅವಳ ಒಂದೊಂದು ಕೆಮ್ಮಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೆಮ್ಮು ನಿಂತರೆ ಇನ್ನೂ ಹೆದರಿಕೆ! ಏನನ್ನೂ ನುಂಗಲಾಗದೆ, ಗಂಟಲು ಉರಿಯುತ್ತಿದೆ, ಜೆಲಾಟೋ ಐಸ್‌ಕ್ರೀಮ್ ತಂದುಕೊಡಿ ಎಂದಳು. ಡಾಕ್ಟರೂ ಒಪ್ಪಿದರು.

ನಾನು ತಂದ ಡಬ್ಬಿಯನ್ನು ಮಾಮ ಕಿತ್ತುಕೊಂಡು ಸೀದಾ ಮೈಕ್ರೋವೇವಿನತ್ತ ನಡೆದರು. ನಾನು ಜಗಳಕ್ಕೆ ಸಿದ್ಧನಾದೆ. ಅವರು ಅದರ ಬಾಗಿಲು ತೆರೆದು, ಸ್ವಲ್ಪ ಹೊತ್ತು ನಿಂತು, ಮತ್ತೆ ಮುಚ್ಚಿದರು. ತಣ್ಣಗಿದ್ದುದನ್ನೇ ಒಯ್ದು ಅವಳ ಕೋಣೆಯ ಮುಂದಿಟ್ಟು ಮೆಟ್ಟಿಲ ಮೇಲೆ ಕುಳಿತರು. ಅವಳು ಅದನ್ನು ಒಳಗೆ ತೆಗೆದುಕೊಂಡು ಬಾಗಿಲು ಹಾಕಿದ್ದೇ ಪಾಠ ಶುರುವಾಯಿತು.

"ಜೆಲಾಟೋ ಅಂದ್ರೆ ಇಟಾಲಿಯನ್ನಲ್ಲಿ ಹೆಪ್ಪುಗಟ್ಟಿದ್ದು ಅಂತ, ಅಷ್ಟೇ ಕಣಮ್ಮ. ಹೂಂ ಅನ್ನು."

"ಹೂಂ," ಎಂದಿತು ಒಳಗಿನ ಸಣ್ಣ ದನಿ.

"ಲ್ಯಾಟಿನ್ನಲ್ಲಿ ಗೆಲಾರೆ ಅಂದ್ರೆ ಹೆಪ್ಪುಗಟ್ಟಿಸೋದು. ನೀವು ತಿನ್ನೋ ಜೆಲ್ಲಿನೂ ಅದೇ ವಂಶದ್ದು. ಹೂಂ ಅನ್ನು."

"ಹೂಂ."

ನನಗೆ ರೇಗಿತು. ಜ್ವರದವಳಿಗೆ ಲ್ಯಾಟಿನ್ ಯಾಕೆ, ಮಲಗಲಿ ಬಿಡಿ ಎಂದು ಪಿಸುಗುಟ್ಟಿದೆ. ಮಾಮ ತಿರುಗಿ ನೋಡಿದರು. ಕಣ್ಣುಗಳು ಕೆಂಪಾಗಿದ್ದವು.

"ಪಾಠ ಯಾರಿಗೆ ಬೇಕಪ್ಪಾ? ಹೂಂ ಅಂದಾಗ ಅವಳ ಉಸಿರು ಹೆಂಗಿದೆ ಅಂತ ಕೇಳಿಸ್ಕೊಳ್ತಿದೀನಿ."

ನಾನು ಅವರ ಕೆಳಗಿನ ಮೆಟ್ಟಿಲಲ್ಲಿ ಕುಳಿತೆ. ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ, ಜೆಲಟಿನ್ ಅನ್ನೋ ಪದ ಎಲ್ಲಿಂದ ಬಂತು ಮಾಮ ಎಂದು ಕೇಳಿದೆ.