ಬಲಗಡೆ ಹೂವಾದ ಕಂಪ್ಯೂಟರ್

ಬೀರೂರಿನ ರೇಣುಕಪ್ರಸಾದ್ ಮೇಷ್ಟ್ರಿಗೆ ನಿರ್ಧಾರ ಎನ್ನುವ ಪದಾರ್ಥವೇ ಮೈಗೆ ಒಗ್ಗುವುದಿಲ್ಲ. ಹೋಟೆಲಿಗೆ ಹೋದರೆ ಇಡ್ಲಿಯೋ ದೋಸೆಯೋ ಎಂದು ಅವರು ಯೋಚಿಸಿ ಮುಗಿಸುವಷ್ಟರಲ್ಲಿ ಎರಡೂ ಖಾಲಿಯಾಗಿ ಉಪ್ಪಿಟ್ಟು ಮಾತ್ರ ಉಳಿದಿರುತ್ತದೆ. (ಅವರಿಗೆ ಉಪ್ಪಿಟ್ಟು ಕಂಡರಾಗದು. ಆದರೂ ಇಪ್ಪತ್ತು ವರ್ಷದಿಂದ ಅದನ್ನೇ ತಿನ್ನುತ್ತಿದ್ದಾರೆ.) ಇಂಥವರ ಮನೆಯಲ್ಲಿ ಹನ್ನೊಂದು ವರ್ಷದ ಕಂಪ್ಯೂಟರೊಂದು ಮುದಿಯಾಗಿ ಕೂತರೆ ಏನಾಗಬೇಕು? ಹೊಸದನ್ನು ಈಗಲೇ ತರುವುದೋ, ಇನ್ನೂ ಸ್ವಲ್ಪ ದಿನ ಕಾಯುವುದೋ ಎಂಬ ಮಹಾಪ್ರಶ್ನೆ ಆ ಮನೆಯ ನಡುಮನೆಯಲ್ಲಿ ಹದಿನಾಲ್ಕು ತಿಂಗಳಿಂದ ಬೀಡುಬಿಟ್ಟಿತ್ತು.

ಕಂಪ್ಯೂಟರ್ ಮೇಷ್ಟ್ರ ಹೆಸರಿನಲ್ಲಿ ಬಂದದ್ದಾದರೂ ಅದರ ಜೊತೆ ಏಗುತ್ತಿದ್ದವಳು ಹೆಂಡತಿ ಯಶೋದಾ. ಅವಳು ಮನೆಯಲ್ಲೇ ಕೂತು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಸಿದ್ಧಮಾಡಿ ಪ್ರೆಸ್ಸಿಗೆ ಕಳಿಸುತ್ತಿದ್ದಳು. ಬೆಳಗ್ಗೆ ಸ್ವಿಚ್ ಹಾಕಿ, ಹಾಲು ಕಾಯಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಒಂದು ಚಕ್ರ ಸುಮ್ಮನೆ ತಿರುಗುತ್ತಲೇ ಇರುತ್ತಿತ್ತು.

ಮೇಷ್ಟ್ರು ಸುಮ್ಮನಿದ್ದರು ಎಂದುಕೊಳ್ಳಬೇಡಿ. ಕಂಡಕಂಡವರನ್ನೆಲ್ಲ ಕೇಳುತ್ತಿದ್ದರು. ಕಡೂರಿನಲ್ಲಿ ಗೊಬ್ಬರದಂಗಡಿ ಇಟ್ಟಿರುವ ಭಾಮೈದ ಕಾಂತರಾಜ್, "ಈಗ್ಲೇ ತಗಂಡ್ಬಿಡಿ ಭಾವ. ರೇಟು ದಿನಾ ಏರ್ತಾ ಐತೆ. ನಾನೂ ಅಂಗಡಿಗೆ ಒಂದು ಹೇಳಿದೀನಿ" ಎಂದ. ಮೇಷ್ಟ್ರು ಈಗಲೇ ಎಂದುಕೊಂಡರು. ಶಾಲೆಯ ವಿಜ್ಞಾನದ ಮೇಷ್ಟ್ರು, "ಕಾಯ್ರೀ ಸಾರ್. ನೀವು ತಂದ ಮಾರನೇ ದಿನವೇ ಅದಕ್ಕಿಂತ ಒಳ್ಳೇದು ಬರುತ್ತೆ, ಆಮೇಲೆ ಹೊಟ್ಟೆ ಉರ್ಕೋತೀರ" ಎಂದರು. ಮೇಷ್ಟ್ರು ಕಾಯೋಣ ಎಂದುಕೊಂಡರು. ತರೀಕೆರೆಯ ಕಂಪ್ಯೂಟರ್ ಅಂಗಡಿಯ ಸಿದ್ದೇಶನನ್ನು ಕೇಳಿದರೆ ಅವನು, "ಪೂರಾ ಹೊಸದೂ ತಗೋಬೋದು ಸಾ, ಇಲ್ಲಾ ಡಬ್ಬ ಹಂಗೇ ಇಟ್ಕಂಡು ಒಳಗಿಂದು ಬದಲಾಯಿಸ್ಬೋದು" ಎಂದು ಮೂರನೆಯ ದಾರಿಯೊಂದನ್ನು ತೆರೆದುಬಿಟ್ಟ. ಎರಡು ದಾರಿಗೇ ತಲೆ ತಿರುಗುವವರಿಗೆ ಮೂರನೆಯದು ಸಿಕ್ಕರೆ ಕೇಳಬೇಕೆ? ಮೇಷ್ಟ್ರು ಸಮಾಜ ವಿಜ್ಞಾನದವರು. ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು ಅನುಕೂಲಗಳು, ಅನಾನುಕೂಲಗಳು ಎಂದು ಪಟ್ಟಿ ಮಾಡಿದರು. ಬರೆದು ನೋಡಿದರೆ 'ಹೊಸದಾಗಿರುತ್ತದೆ' ಎಂಬುದು ಎರಡೂ ಕಡೆ ಬಂದಿತ್ತು.

ಹೀಗಿರುವಾಗ ಅಜ್ಜಂಪುರದ ಕಲ್ಲೇಶಪ್ಪನವರು ಮಗಳ ಲಗ್ನಪತ್ರಿಕೆಯನ್ನು ಯಶೋದಾಗೆ ಒಪ್ಪಿಸಿದರು. ಬೀರೂರು ದಾಟಿ ಅವಳಿಗೆ ಬಂದ ಮೊದಲ ಕೆಲಸ ಅದು. ಇದೊಂದು ಚೆನ್ನಾಗಿ ಆದರೆ ಆ ಕಡೆಯ ಮದುವೆಗಳೆಲ್ಲ ತನ್ನ ಮನೆ ಬಾಗಿಲಿಗೇ ಬರುತ್ತವೆ ಎಂದು ಯಶೋದಾ ಹಿಗ್ಗಿದ್ದಳು. ಆದರೆ ಕಲ್ಲೇಶಪ್ಪನವರ ಬಳಗ ಸಣ್ಣದಲ್ಲ. 'ಸುಖಾಗಮನ ಬಯಸುವವರು' ಎಂಬಲ್ಲಿ ನೂರ ಅರವತ್ತಮೂರು ಹೆಸರು! ಅದೂ ಹಿರಿತನದ ಪ್ರಕಾರ ಬರಬೇಕು. ದೊಡ್ಡಪ್ಪ ಕೆಳಗಿಳಿದು ಚಿಕ್ಕಪ್ಪ ಮೇಲೆ ಹತ್ತಿದರೆ ಒಂದು ಮನೆಯವರು ಧಾರೆಗೇ ಬರುವುದಿಲ್ಲ.

"ಮುಂದಿನ ಭಾನುವಾರ ಬಂದು ನೋಡ್ತೀನಿ ಕಣಮ್ಮ. ಅಷ್ಟೊತ್ತಿಗೆ ಆಗ್ಲಿಲ್ಲ ಅಂದ್ರೆ ತರೀಕೇರೇಲಿ ಕೊಟ್ಬಿಡ್ತೀನಿ, ಬೇಜಾರು ಮಾಡ್ಕೋಬೇಡ" ಎಂದು ಹೇಳಿ ಹೋದರು.

ಮರುದಿನವೇ ಯಶೋದಾ ತೊಂಬತ್ತೇಳನೆಯ ಹೆಸರನ್ನು ಹಾಕುತ್ತಿದ್ದಾಗ ಕಂಪ್ಯೂಟರ್ ಗೊಟಕ್ ಎಂದಿತು. ಮತ್ತೆ ಎಬ್ಬಿಸಿ ನೋಡಿದರೆ ಕಲ್ಲೇಶಪ್ಪನವರ ಬಳಗದಲ್ಲಿ ಒಬ್ಬರೂ ಉಳಿದಿರಲಿಲ್ಲ. ಯಶೋದಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೇಬಿಟ್ಟಳು. ಮೇಷ್ಟ್ರು ಪಕ್ಕಕ್ಕೆ ಬಂದು ಕೂತರು.

"ಅಳ್ಬೇಡ ಕಣೇ. ಈ ವಾರದೊಳಗೆ ಒಂದು ತೀರ್ಮಾನ ಮಾಡೇ ಮಾಡ್ತೀನಿ."

"ಯಾವ ವರ್ಷದ ಈ ವಾರ ಅಂತ ಹೇಳ್ಬಿಡಿ, ಅದಕ್ಕೆ ಸರಿಯಾಗಿ ಅಳ್ತೀನಿ" ಎಂದು ಅವಳು ಮೂಗು ಒರೆಸಿಕೊಂಡಳು.

ಮನುಷ್ಯರಿಂದ ಆಗದ್ದನ್ನು ದೇವರಿಗೆ ಬಿಡುವುದೆಂದು ಮೇಷ್ಟ್ರು ತೀರ್ಮಾನಿಸಿದರು. (ಹದಿನಾಲ್ಕು ತಿಂಗಳಲ್ಲಿ ಅವರು ಮಾಡಿದ ಏಕಮೇವಾದ್ವಿತೀಯ ತೀರ್ಮಾನ ಇದು.) ಊರಾಚೆಯ ವೀರಭದ್ರಸ್ವಾಮಿ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಉಂಟು. ಸ್ವಾಮಿಯ ಮೈಮೇಲೆ ಒದ್ದೆ ಹೂವಿನೆಸಳುಗಳನ್ನು ಅಂಟಿಸಿ, ಕೇಳುವುದನ್ನು ಮನಸ್ಸಿನಲ್ಲೇ ನೆನೆಸಿಕೊಂಡು ಕೂರಬೇಕು. ಬಲಗಡೆಯ ಎಸಳು ಬಿದ್ದರೆ ಅಪ್ಪಣೆಯಾದಂತೆ, ಎಡಗಡೆಯದು ಬಿದ್ದರೆ ಬೇಡವೆಂದಂತೆ. ಹೆಣ್ಣು ತರುವುದಕ್ಕೆ, ಬೋರು ಕೊರೆಸುವುದಕ್ಕೆ ಎಲ್ಲರೂ ಕೇಳುತ್ತಾರೆ. ಗುರುವಾರ ಮೇಷ್ಟ್ರು ಶಾಲೆ ಬಿಟ್ಟವರೇ ನೇರವಾಗಿ ಅಲ್ಲಿಗೆ ಹೋದರು.

ಪೂಜಾರಿ ಈರಣ್ಣ ಮಂಗಳಾರತಿ ಎತ್ತಿ, "ನೆನೆಸ್ಕಳಿ ಮೇಷ್ಟ್ರೇ" ಎಂದ. ಮೇಷ್ಟ್ರು ಕಣ್ಣು ಮುಚ್ಚಿ ಸ್ವಾಮಿಗೆ ಮೊದಲು ಪೀಠಿಕೆ, ಆಮೇಲೆ ಅನುಕೂಲಗಳು, ಆಮೇಲೆ ಅನಾನುಕೂಲಗಳನ್ನು ಹೇಳಿದರು. ಕಾಲು ಗಂಟೆಯಾಯಿತು. ಆರತಿಯ ಕರ್ಪೂರ ಉರಿದು ಮುಗಿದು ಈರಣ್ಣ ಇನ್ನೊಂದು ಹಚ್ಚಿದ. "ಮೇಷ್ಟ್ರೇ, ಸ್ವಾಮಿಗೆ ಪರೀಕ್ಷೆ ಏನಾದ್ರೂ ಐತಾ? ಒಂದೇ ಮಾತಲ್ಲಿ ಕೇಳಿ" ಎಂದು ಗದರಿದ. ಗಾಬರಿಗೆ ಮೇಷ್ಟ್ರ ಮನಸ್ಸಿಗೆ ಬಂದದ್ದು 'ಕಾಯೋಣವೇ ತಂದೆ?' ಎಂಬ ಮಾತು. ಟಪ್ಪೆಂದು ಬಲಗಡೆಯ ಎಸಳು ಬಿತ್ತು.

"ಬಲಗಡೆ ಆಯ್ತು, ಹೊರಡಿ" ಎಂದ ಈರಣ್ಣ. "ಸೋಮವಾರ ಅಮ್ಮಾವ್ರೂ ಬಂದಿದ್ರು, ಕಂಪ್ಯೂಟರ್ ವಿಚಾರ ಅಂದ್ರು. ಅವ್ರಿಗೂ ಬಲಗಡೆನೇ ಆಯ್ತು."

ಮೇಷ್ಟ್ರ ಮೈ ಜುಮ್ಮೆಂದಿತು. ಹೆಂಡತಿಯೂ ಬಂದು ಕೇಳಿದ್ದಾಳೆ, ಅವಳಿಗೂ ಅದೇ ಅಪ್ಪಣೆ! ಗಂಡಹೆಂಡಿರ ನಡುವೆ ಮದುವೆಯಾದಾಗಿನಿಂದ ಇಂಥ ಒಮ್ಮತ ಆಗಿರಲಿಲ್ಲ. ಮನೆಗೆ ಬಂದವರೇ, "ನಿಂಗೂ ಬಲಗಡೆನೇ ಕೊಟ್ನಂತೆ?" ಎಂದರು.

ಯಶೋದಾ ಒಂದು ಗಳಿಗೆ ಅವರ ಮುಖ ನೋಡಿದಳು. "ಹೂಂ, ಕೊಟ್ಟ. ನಿಮಗೂ ಆಯ್ತಾ?"

"ಆಯ್ತು ಕಣೇ. ಇನ್ನು ಚರ್ಚೆ ಇಲ್ಲ. ಸ್ವಾಮಿ ಹೇಳಿದಂಗೆ ನಡ್ಕೊಳ್ಳೋದು."

"ನಾನಂತೂ ನಡ್ಕೊಂಡಾಯ್ತು" ಎಂದು ಅವಳು ಕಂಪ್ಯೂಟರಿನ ಸ್ವಿಚ್ ಒತ್ತಿದಳು.

ಮೇಷ್ಟ್ರು ಕಾಫಿಗೆಂದು ಅಡುಗೆಮನೆ ಕಡೆ ತಿರುಗಿದ್ದರಷ್ಟೇ. ಹಿಂದಿನಿಂದ ಟಿಣ್ ಎಂದಿತು. ನೋಡಿದರೆ ಪರದೆ ಬೆಳಗಿ, ಚಕ್ರ ಗಿಕ್ರ ಏನೂ ಇಲ್ಲದೆ, ಪತ್ರಿಕೆಯ ಗಣಪತಿ ನಗುತ್ತಿದ್ದಾನೆ! ಅದೇ ಡಬ್ಬ, ಅದೇ ಕೀಲಿಮಣೆ. ಕಾಯಿ ಎಂದು ಹೇಳಿದ ಸ್ವಾಮಿ ಕಾಯುವುದಕ್ಕೆ ಅನುಕೂಲವನ್ನೂ ಮಾಡಿಕೊಟ್ಟಿದ್ದಾನೆಂದು ಮೇಷ್ಟ್ರು ಅಲ್ಲೇ ಕೈಮುಗಿದರು. ಯಶೋದಾ ಬೆನ್ನು ತಿರುಗಿಸಿಕೊಂಡು ಕೂತು ಟಕಟಕನೆ ದೊಡ್ಡಪ್ಪಂದಿರನ್ನು ಜೋಡಿಸತೊಡಗಿದಳು. ಅವಳ ಭುಜ ಕುಲುಕುತ್ತಿತ್ತು. ಭಕ್ತಿ ಉಕ್ಕಿರಬೇಕೆಂದು ಮೇಷ್ಟ್ರು ತಿಳಿದರು.

ಶುಕ್ರವಾರದಿಂದ ಮೇಷ್ಟ್ರ ಧರ್ಮಪ್ರಸಾರ ಶುರುವಾಯಿತು. ಶಾಲೆಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಫೋನಿನಲ್ಲಿ, ಎಲ್ಲೆಲ್ಲೂ ಒಂದೇ ಉಪದೇಶ: "ಕಾಯಬೇಕು. ಹಳೇದು ತಾನಾಗೇ ಸರಿಹೋಗುತ್ತೆ. ನಮ್ಮನೇದೇ ಸಾಕ್ಷಿ!" ಜೀವನದಲ್ಲಿ ಮೊದಲ ಸಲ ತಮ್ಮ ಒಂದು ನಿಲುವು ಗೆದ್ದಿತೆಂಬ ಸಂತೋಷ ಅವರಿಗೆ. ಎರಡು ದಿನ ಮುಖ ಗಂಟಿಕ್ಕಲೇ ಇಲ್ಲ.

ಭಾನುವಾರ ಕಲ್ಲೇಶಪ್ಪನವರು ಬಂದರು. ಪತ್ರಿಕೆಯ ನೂರ ಅರವತ್ತಮೂರು ಹೆಸರಿನ ಮೇಲೂ ಬೆರಳಿಟ್ಟು ಓದಿ, "ಒಂದು ತಪ್ಪಿಲ್ಲ ಕಣಮ್ಮ! ನನ್ನ ತಮ್ಮನ ಮಗಂದೂ ನೀನೇ ಮಾಡ್ಬೇಕು" ಎಂದರು. ಯಶೋದಾಳ ಮುಖ ಅರಳಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಕಾಯುವಿಕೆಯ ಮಹಾತ್ಮೆ ಶುರುಮಾಡಿದ್ದರು, ಅಷ್ಟರಲ್ಲಿ ತರೀಕೆರೆಯ ಸಿದ್ದೇಶ ಬೈಕು ನಿಲ್ಲಿಸಿ ಧುಮುಗುಟ್ಟುತ್ತ ಒಳಗೆ ಬಂದ.

"ಏನ್ ಸಾ, ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರ? ಕಾಂತರಾಜಣ್ಣ ಬೇಡ ಅಂತವ್ರೆ. ನಿಮ್ಮ ಶಾಲೆಗೆ ಹೇಳಿದ್ದೂ ಬೇಡ ಅಂತವ್ರೆ. ಎಲ್ರೂ ನಿಮ್ಮ ಹೆಸರೇ ಹೇಳ್ತಾರೆ!"

"ಸತ್ಯ ಹೇಳಿದ್ರೆ ತಪ್ಪೇನಪ್ಪಾ? ಆ ಹಳೇದನ್ನ ನೋಡು, ಹೆಂಗೆ ಕುದುರೆ ಥರ ಓಡ್ತಾ ಇದೆ."

"ಹಳೇದಾ?" ಎಂದ ಸಿದ್ದೇಶ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಡಬ್ಬದ ಪಕ್ಕದ ತಗಡು ಬಿಚ್ಚಿಯೇಬಿಟ್ಟ. ಒಳಗೆ ಎಲ್ಲ ಪಳಪಳ. "ಗುರುವಾರ ಬೆಳಗ್ಗೆ ನೀವು ಶಾಲೇಲಿದ್ದಾಗ ನಾನೇ ಬಂದು ಹಾಕಿದೀನಿ. ಡಬ್ಬ ಒಂದೇ ಸಾ ಹಳೇದು!"

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ಲೇ, ನಿಂಗೂ ಬಲಗಡೆ ಆಯ್ತು ಅಂದೆಯಲ್ಲೇ?"

"ಆಯ್ತಲ್ಲ. ತಗೊಳ್ಳೋಣ್ವಾ ಅಂತ ಕೇಳ್ದೆ, ಕೊಟ್ಟ. ನನ್ನ ಪತ್ರಿಕೆ ದುಡ್ಡಲ್ಲೇ ತಗೊಂಡೆ."

"ನಾನು ಕೇಳಿದ್ದು ಕಾಯೋಣ್ವಾ ಅಂತ! ಹಂಗಾದ್ರೆ ಸ್ವಾಮಿ ನಮ್ಮಿಬ್ಬರಲ್ಲಿ ಒಬ್ಬರಿಗೆ ಸುಳ್ಳು ಹೇಳಿದ್ನಾ?"

"ಬಿಡ್ತು ಅನ್ರೀ! ನಂಗೆ ತಗೋ ಅಂದ, ತಗೊಂಡೆ. ನಿಮಗೆ ಕಾಯಿ ಅಂದ, ಕಾಯ್ತಾ ಇದ್ರಿ. ಇಬ್ಬರದೂ ನಡೀತಲ್ಲ."

"ಒಂದು ಮಾತು ಹೇಳೋದಲ್ವೇನೇ?"

"ಹೇಳಿದ್ರೆ ಯೋಚ್ನೆ ಮಾಡೋಣ ಅಂತಿದ್ರಿ. ಅಷ್ಟೊತ್ತಿಗೆ ಇವರ ಮೊಮ್ಮಗುವಿನ ನಾಮಕರಣದ ಕಾರ್ಡು ಮಾಡೋ ಕಾಲ ಬಂದಿರ್ತಿತ್ತು."

ಕಲ್ಲೇಶಪ್ಪನವರು ತೊಡೆ ತಟ್ಟಿಕೊಂಡು ನಕ್ಕರು. "ಅಯ್ಯೋ ಮೇಷ್ಟ್ರೇ! ಮನೇಲಿ ಏನಿದೆ ಏನಿಲ್ಲ ಅಂತ ಗಂಡಸಿಗೆ ಗೊತ್ತಿರ್ಬೇಕು ಕಣ್ರೀ. ನಮ್ಮನೇಲಿ ನೋಡಿ, ಮಿಕ್ಸಿ ಬದಲಾಯಿಸಿ ಅಂತ ನಮ್ಮವಳು ಎರಡು ವರ್ಷದಿಂದ ಪ್ರಾಣ ತಿಂದ್ಲು. ನಾನು ಜಪ್ಪಯ್ಯ ಅನ್ಲಿಲ್ಲ. ಒಂದು ಸ್ಕ್ರೂ ಬಿಗಿ ಮಾಡ್ದೆ ಅಷ್ಟೇ. ಹೋದ ತಿಂಗಳಿಂದ ಸದ್ದೇ..."

ಅವರ ನಗು ಅಲ್ಲೇ ನಿಂತಿತು. ಯಶೋದಾ ನೆಲ ನೋಡಿದಳು. ಸಿದ್ದೇಶ ಕೆಮ್ಮಿದ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಆದರೂ ಕಲ್ಲೇಶಪ್ಪನವರು ಗಡಬಡಿಸಿ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಅವರ ಜೊತೆ ಬಸ್ ಸ್ಟ್ಯಾಂಡಿನವರೆಗಾದರೂ ಹೋಗಿ ಈ ಅವಮಾನದಿಂದ ತಪ್ಪಿಸಿಕೊಳ್ಳುವುದೋ, ಅಥವಾ ಇಲ್ಲೇ ನಿಂತು ಸಿದ್ದೇಶನಿಗೆ ಸಮಾಧಾನ ಹೇಳುವುದೋ ಎಂದು ಮೇಷ್ಟ್ರು ಹೊಸಿಲಿನ ಮೇಲೆ ನಿಂತು ಯೋಚಿಸಿದರು. ಹೋದರೆ ಒಂದು ಅನುಕೂಲ, ಇದ್ದರೆ ಇನ್ನೊಂದು. ಕೊನೆಗೆ ಹೋಗುವುದೇ ಸರಿ ಎಂದು ಕಾಲು ಹೊರಗಿಟ್ಟರು. ಅಷ್ಟರಲ್ಲಿ ಬೀದಿಯಲ್ಲಿ ಕಲ್ಲೇಶಪ್ಪನವರೇ ಇರಲಿಲ್ಲ. ತಿರುಗಿದರೆ ಒಳಗೆ ಸಿದ್ದೇಶ, ಯಶೋದಾ ತಂದಿಟ್ಟಿದ್ದ ಮೇಷ್ಟ್ರ ಪಾಲಿನ ಕಾಫಿ ಕುಡಿದು ಮುಗಿಸುತ್ತಿದ್ದ.